ಕಿತ್ತು ತಂದ ಬಾಗಿಲು

ಡಾಕ್ಟರಬಾಯಿಯವರ ರವಿಕೆಯ ಎಡಭುಜದ ಮೇಲೆ ಸದಾ ಒಂದು ಗುಂಡುಸೂಜಿ ಚುಚ್ಚಿರುತ್ತಿತ್ತು. ತಲೆಯ ಕಪ್ಪು ಬಣ್ಣ ಅರ್ಧ ಸುಲಿದ ಸೂಜಿ. ಶೃಂಗಾರಕ್ಕೆಂದು ಯಾರೂ ಮೋಸ ಹೋಗುವಂತಿರಲಿಲ್ಲ. ಮಾತಾಡುತ್ತಲೇ ಅದನ್ನು ಕಿತ್ತು, ರೋಗಿಯ ಅಂಗಾಲಿಗೆ ಚುಚ್ಚಿ, “ಗೊತ್ತಾತೇನು?” ಎಂದು ಕೇಳುವುದು ಅವರ ಪದ್ಧತಿ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಭುಜಕ್ಕೆ ಏರಿಸುವರು. ಗೊತ್ತಾಗಲಿಲ್ಲ ಎಂದವರ ಮೇಲೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಇನ್ನು ಗೊತ್ತಾಗುವುದೇ ಇಲ್ಲ ಎಂದವರ ಮೇಲೆ ಬರುತ್ತಿತ್ತು.

ಹಳಿಯಾಳದ ಬಟ್ಟೆ ಅಂಗಡಿಯವರ ಮಗಳು. ಮದುವೆಯ ಮಾತೆತ್ತಿದವರಿಗೆ “ಪುರಸತ್ತಿಲ್ರಿ” ಎಂದು ಹೇಳಿಯೇ ವಯಸ್ಸು ದಾಟಿಸಿದವರು. ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಬೆನ್ನುಹುರಿಯ ಸಂಶೋಧನೆಗೆ ಅವರೇ ಮುಖ್ಯಸ್ಥೆ. ದೊಡ್ಡ ಹೆಸರು, ಸಣ್ಣ ಕೋಣೆ. ಒಂದು ಸೂಕ್ಷ್ಮದರ್ಶಕ, ಕಪ್ಪೆಗಳ ತೊಟ್ಟಿ, ಇಬ್ಬರು ಸಹಾಯಕರು, ಮೇಲೊಬ್ಬ ಹಿರಿಯ ಪ್ರಾಧ್ಯಾಪಕರು. ಬೆನ್ನುಹುರಿ ಕೆಟ್ಟವನಿಗೆ ಮಾಡುವಂಥದ್ದೇನೂ ಇಲ್ಲವೆಂಬುದು ಆ ಹಿರಿಯರ ಸಿದ್ಧಾಂತ. “ಆಗಂಗಿಲ್ಲ ಅನ್ನೂದು ಉತ್ತರ ಅಲ್ಲ, ಆಲಸ್ಯಾ” ಎಂದು ಈಕೆ ಅವರ ಮುಖಕ್ಕೇ ಹೇಳಿದ್ದರಂತೆ. ಹೇಳಿರುತ್ತಾರೆ, ನನಗೆ ಅನುಮಾನವಿಲ್ಲ.

ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ನಾನು ಕುಂಬಾರವಾಡದ ಹತ್ತಿರ ಒಂದು ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ. ಒಂದು ದಿನ ಡಾಕ್ಟರಬಾಯಿ ಬಸ್ಸಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಕೇಳಿದರು: “ಹಳಿಯಾಳದಾಗ ಮಾವಿನ ಗಿಡದಿಂದ ಬಿದ್ದವರು ಒಬ್ಬಿಬ್ಬರರ ಎದ್ದು ಅಡ್ಡಾಡತಾರ. ನಿಮ್ಮ ಅಡವ್ಯಾಗ ಬಿದ್ದವರು ಒಬ್ಬರೂ ಏಳವಲ್ಲರು. ಯಾಕ?”

ನನಗೇನು ಗೊತ್ತು? ಮರ ಕಡಿಯುವಾಗ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಒಬ್ಬನ ಮನೆಗೆ ಕರೆದುಕೊಂಡು ಹೋದೆ. ಜಗುಲಿಯಲ್ಲಿ ಮಲಗಿದ್ದ, ಅವನ ಅಣ್ಣ ಪಕ್ಕದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ.

“ಬಿದ್ದ ಮ್ಯಾಲ ಕಾಲು ಆಡಿದ್ವೇನಪಾ?”

“ಆಡಿದ್ವರಿ ಬಾಯಾರ. ಕಂಬಳ್ಯಾಗ ಕುಂದ್ರಾಕ ನಾನಽ ಮೊಣಕಾಲ ಮಡಚಿದ್ನಿ.”

ನಮ್ಮ ಕಾಡಿನ ಪದ್ಧತಿಯೇ ಅದು. ಬಿದ್ದವನನ್ನು ಕಂಬಳಿಯಲ್ಲಿ ಹಾಕಿ, ಎರಡೂ ತುದಿಯನ್ನು ಬಿದಿರಿಗೆ ಕಟ್ಟಿ, ಹೊತ್ತುಕೊಂಡು ಓಡುವುದು. ಒಳಗಿದ್ದವನು ತೊಟ್ಟಿಲ ಕೂಸಿನಂತೆ ಮುದುಡಿಕೊಂಡಿರುತ್ತಾನೆ. ಅಣ್ಣ ಅಭಿಮಾನದಿಂದ ಹೇಳಿದ: “ಎಲ್ಲೂ ಇಳಸಲಿಲ್ರಿ. ರಸ್ತೆ ಮುಟ್ಟೂತನಕ ಓಡಿದ್ವಿ.”

ಡಾಕ್ಟರಬಾಯಿ ಅವನ ಬೆನ್ನು ತಟ್ಟಿದರು. “ತಮ್ಮನ ಜೀವಾ ಉಳಿಸೀದಿ ನೀನು” ಎಂದರು.

ಹಿಂದಿರುಗುವಾಗ ಹಳ್ಳದಲ್ಲಿ ಮುಖ ತೊಳೆದುಕೊಂಡರು. ಆಮೇಲೆ ಹೇಳಿದರು: “ಬಿದ್ದಾಗ ಕಾಲು ಹೋಗಿಲ್ಲ ತಮ್ಮಾ. ಕಂಬಳ್ಯಾಗ ಹೋಗ್ಯಾವ. ಎಲಬು ಮುರದದ್ದು ಖರೆ, ಆದರ ಬಗ್ಗಿಸಿದ್ದಕ್ಕ ಒಳಗಿನ ಹುರಿ ಜಜ್ಜೈತಿ. ಆ ಅಣ್ಣಗ ಇದನ್ನ ಯಾರೂ ಹೇಳಬ್ಯಾಡ್ರಿ.”

ಅಂದಿನಿಂದ ಶುರುವಾಯಿತು ಅವರ ಬಾಗಿಲ ಪುರಾಣ. ಬಿದ್ದವನನ್ನು ಅಂಗಾತ, ನೇರ, ಹಲಗೆಯ ಮೇಲೆ ತರಬೇಕು. ಅಡವಿಯ ಗುಡಿಸಲುಗಳಲ್ಲಿ ಹಲಗೆಯೆಂದರೆ ಬಾಗಿಲೊಂದೇ. “ಬಾಗಿಲಾ ಕಿತ್ತು ತರ್ರಿ” ಎಂದು ಕಾಡಿನ ಕೇರಿ ಕೇರಿಗೂ ಹೋಗಿ ಹೇಳಿದರು. ಒಬ್ಬ ಮುದುಕಿ ಕೆರಳಿದಳು: “ಬಾಗಿಲಾ ಕಿತ್ತ ಮನ್ಯಾಗ ಲಕ್ಷ್ಮಿ ನಿಲ್ಲತಾಳೇನ?”

“ಹೋದ ಲಕ್ಷ್ಮಿ ತಿರುಗಿ ಬರ್ತಾಳ, ಆಯಿ. ಹೋದ ಕಾಲು ಬರಂಗಿಲ್ಲ.”

ಕೂಲಿಗಳನ್ನು ಹೆದರಿಸುತ್ತಾಳೆಂದು ಮರ ಕಡಿಸುವ ಕಂತ್ರಾಟದಾರ ಕಾಲೇಜಿಗೆ ದೂರು ಕೊಟ್ಟ. ಕಪ್ಪೆ ಬಿಟ್ಟು ಕಾಡು ಸುತ್ತುವುದು ಸಂಶೋಧನೆಯಲ್ಲವೆಂದು ಹಿರಿಯರು ಕೋಣೆಗೆ ಬೀಗ ಹಾಕಿಸಿದರು. ಮುಂದಿನ ರವಿವಾರ ಮತ್ತೆ ಬಸ್ಸಿನಿಂದ ಇಳಿದರಲ್ಲ ಈಕೆ! “ಕೋಣಿ ಕೀಲಿ ಅವರ ಕಡೆ ಐತಿ. ಅಡವಿಗೆ ಎಲ್ಲೈತಿ ಕೀಲಿ?”

ಈ ಬಾಗಿಲ ಪುರಾಣಕ್ಕೆ ನಾನೂ ಒಳಗೊಳಗೆ ನಗುತ್ತಿದ್ದೆ. ಆಮೇಲೊಂದು ದಿನ ಗಾಡಿಯಿಂದ ಜಾರಿದ ಸಾಗುವಾನಿ ದಿಮ್ಮಿ ನನ್ನ ಸೊಂಟಕ್ಕೇ ಬಡಿಯಿತು. ಮಣ್ಣಿನಲ್ಲಿ ಬಿದ್ದುಕೊಂಡು ಕಾಲಬೆರಳು ಆಡಿಸಿ ನೋಡಿದೆ. ಆಡಿದವು. ಅಷ್ಟರಲ್ಲಿ ಡಿಪೋದ ಕೂಲಿಗಳು ಪ್ರೀತಿಯಿಂದ, ಗಡಿಬಿಡಿಯಿಂದ, ಕಂಬಳಿ ಹಾಸಿಯೇಬಿಟ್ಟರು. ಬೇಡವೆಂದು ಅರಚಿದೆ, ನೋವಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಅವರನ್ನು ನೂಕಿಕೊಂಡು ಬಂದವನು ಆ ಬುಟ್ಟಿ ಹೆಣೆಯುವ ಅಣ್ಣ. ತಲೆಯ ಮೇಲೆ ಅವನದೇ ಮನೆಯ ಬಾಗಿಲು, ಹಿಂದೆ ಶಾಪ ಹಾಕುತ್ತ ಓಡಿಬರುತ್ತಿದ್ದ ಅವನ ತಾಯಿ.

“ಕಂಬಳಿ ಮುಟ್ಟಿದ್ರ ಕೈ ಕಡೀತೀನಿ” ಎಂದ. ಅವನು ಅಳುತ್ತಿದ್ದ. ತಮ್ಮನ ಕಾಲಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲು ಯಾಕೆಂದು ಅವನೇ ಯೋಚಿಸಿದ್ದ, ಅಷ್ಟೇ.

ರುಮಾಲುಗಳಿಂದ ನನ್ನನ್ನು ಬಾಗಿಲಿಗೆ ಬಿಗಿದು, ಕಟ್ಟಿಗೆ ಲಾರಿಯಲ್ಲಿ ಮಲಗಿಸಿ ಕಳಿಸಿದರು. ಕಾಲೇಜು ಆಸ್ಪತ್ರೆಯ ವಾರ್ಡು ಮುಟ್ಟುವ ಹೊತ್ತಿಗೆ ಕಾಲುಗಳು ಮರಗಟ್ಟಿದ್ದವು. “ಇದೂ ಹಾಂಗೇ” ಎಂದು ಹಿರಿಯರು ಹೊರಟುಹೋದರು. “ಹುರಿ ಹರದಿಲ್ಲ, ಬಾತೈತಿ. ಬಾವು ಇಳಿಯೂತನಕ ಕಾಯಬೇಕು” ಎಂದ ಡಾಕ್ಟರಬಾಯಿ ನನ್ನ ಮಂಚ ಬಿಟ್ಟು ಕದಲಲಿಲ್ಲ. ಹೊರಳಿಸಲು ಬಂದ ಆಳುಗಳಿಗೆ, “ನಡು ಬಗ್ಗಸಬ್ಯಾಡ್ರಿ. ಡಿಪೋದಾಗ ದಿಮ್ಮಿ ಹೊರಳಸತಾರಲಾ, ಹಂಗ ಇಡೀ ಮನಷ್ಯಾನ್ನ ಒಮ್ಮೆಲೆ ಹೊರಳಸ್ರಿ” ಎಂದು ಕಲಿಸಿದರು. ದಿನವೂ ಸೂಜಿ, ದಿನವೂ “ಗೊತ್ತಾತೇನು?” ದಿನವೂ ನನ್ನ ಉತ್ತರ “ಇಲ್ಲ.” ಸಾಯಲು ಬಿಡಿ ಎಂದೂ ಬೇಡಿಕೊಂಡೆ. “ಅದಕ್ಕ ನನ್ನ ಪರವಾನಗಿ ಇಲ್ಲ” ಎಂದರು.

ಒಂದು ಬೆಳಗ್ಗೆ ಅಂಗಾಲಿಗೆ ಕೆಂಡ ತಗುಲಿದಂತಾಯಿತು. ಯಾರೆಂದು ನೋಡದೆ, ಡಿಪೋದಲ್ಲಿ ಕಲಿತ ಹೊಲಸು ಬೈಗುಳವೆಲ್ಲ ಬಾಯಿಗೆ ಬಂತು. ಕಣ್ಣು ತೆರೆದರೆ ಡಾಕ್ಟರಬಾಯಿ, ಕೈಯಲ್ಲಿ ಸೂಜಿ, ಕಣ್ಣಲ್ಲಿ ನೀರು.

“ಬೈಯೋ ತಮ್ಮಾ, ಬೈ! ಇನ್ನಷ್ಟು ಬೈ!”

ಒಬ್ಬ ಗುಣವಾದ ಮಾತ್ರಕ್ಕೆ ಏನೂ ಸಿದ್ಧವಾಗುವುದಿಲ್ಲ ಎಂದರು ಹಿರಿಯರು. “ಹಂಗಾರ ಇನ್ನೊಬ್ಬ ಕಂಬಳ್ಯಾಗ ಬರೂತನಕ ಕಾಯೂಣೇನ್ರಿ?” ಎಂದು ಕೇಳಿದರು ಈಕೆ. ಹಿರಿಯರು ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಕೋಣೆಯ ಬೀಗ ತೆರೆಯಿತು.

ಊರುಗೋಲಿನ ಮೇಲೆ ಕುಂಬಾರವಾಡಕ್ಕೆ ಹೋದಾಗ ಆ ಬಾಗಿಲು ಮತ್ತೆ ಅದರ ಮನೆಯಲ್ಲೇ ಇತ್ತು, ಸ್ವಲ್ಪ ಸೊಟ್ಟಗೆ. ತಾಯಿ ಸರಿಮಾಡಿಸಲು ಬಿಟ್ಟಿರಲಿಲ್ಲ. ಮತ್ತೆ ಕೀಳುವುದು ಸುಲಭವಾಗಲಿ ಎಂದಳು.

ಎಷ್ಟೋ ವರ್ಷಗಳ ಮೇಲೆ ಡಾಕ್ಟರಬಾಯಿ ತೀರಿಕೊಂಡರು. ಕಾಲೇಜಿನ ಶೋಕಸಭೆಯಲ್ಲಿ ಮಾತುಗಳು ಉದ್ದವಾಗಿದ್ದವು. ಕುಂಟುತ್ತ ಬಂದ ನನ್ನನ್ನು ನೋಡಿ ಯಾರೋ ಮರುಗಿ ಕುರ್ಚಿ ತಂದಿಟ್ಟು, “ಕೂಡ್ರಿ, ನಿಮ್ಮ ಕೈಲೆ ನಿಲ್ಲೂದು ಆಗಂಗಿಲ್ಲ” ಎಂದರು.

ಸಭೆ ಮುಗಿಯುವವರೆಗೂ ನಾನು ನಿಂತೇ ಇದ್ದೆ.