ಏಳನೇ ಬುಗ್ಗೆಯ ರುಜು

ಎತೇರಿಯವರನ್ನು ನಾನು ಮೊದಲು ಕಂಡ ದಿನ ಅವರು ನೀರು ಉಗುಳುತ್ತಿದ್ದರು. ಜಾರ್ಜಿಯಾದ ನಮ್ಮ ಕಣಿವೆಯಲ್ಲಿ ಬುಗ್ಗೆಯ ನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ನೀರಿನ ರುಚಿ ನೋಡುವ ಕೆಲಸದಲ್ಲಿದ್ದ ಎತೇರಿ ಬಾಟಲಿಯನ್ನು ಕುಲುಕಿ ಕುಲುಕಿ ಗ್ಯಾಸನ್ನೆಲ್ಲ ಹೊರಗೆ ಬಿಟ್ಟು, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಉಗಿದರು.

"ಗುಳ್ಳೆ ನಾಲಿಗೆಗೆ ಕಚಗುಳಿ ಇಟ್ಟು ಮೋಸ ಮಾಡತ್ತೆ ಮಕ್ಕಳೇ. ಮೊದಲು ಅದನ್ನ ಓಡಿಸ್ಬೇಕು. ಆಮೇಲೆ ನೀರು ತಾನೇ ಬಾಯಿ ಬಿಡತ್ತೆ."

ಏಳನೇ ಬುಗ್ಗೆಯ ನೀರು ನಾಲಿಗೆಯ ತುದಿಗೆ ಉಪ್ಪು, ಅಂಚಿಗೆ ಸೋಡಾ. ಗಂಟಲಿಗೆ ಇಳಿಯುವಾಗ ತುಕ್ಕು ಹಿಡಿದ ಮೊಳೆಯನ್ನು ನೆಕ್ಕಿದಂತೆ. ಈ ಮೂರೂ ಸರಿಯಿದ್ದರೆ ಮಾತ್ರ ಎತೇರಿ ಪುಸ್ತಕದಲ್ಲಿ ರುಜು ಹಾಕುತ್ತಿದ್ದರು. ಅದು ಬೀಳದೆ ಒಂದು ಲಾರಿಯೂ ಗೇಟು ದಾಟುತ್ತಿರಲಿಲ್ಲ. ಮೂವತ್ತು ವರ್ಷ, ನಾಲಿಗೆ ಮಂಕಾದೀತೆಂದು ಕೆಲಸದ ದಿನ ಅವರು ಬೆಳ್ಳುಳ್ಳಿ ಮುಟ್ಟಲಿಲ್ಲ. ನಮ್ಮಲ್ಲಿ ಬೆಳ್ಳುಳ್ಳಿ ಬಿಡುವುದೆಂದರೆ ಸಂನ್ಯಾಸವೇ ಸರಿ.

ಮಮುಕಾ ಎಂಬವನು ಮ್ಯಾನೇಜರಾಗಿ ಬಂದ ವರ್ಷ ಏಳನೇ ಬುಗ್ಗೆ ಸೊರಗಿತು. ಕೆಳಗಿನ ಸಪ್ಪೆ ಬಾವಿಯ ನೀರು ಬೆರೆಸೋಣವೆಂದ. ಆಗದು ಎಂದರು ಎತೇರಿ. ಅವರ ಗಂಡ ವಖ್ತಂಗ್ ತೀರಿಕೊಂಡು ವರ್ಷ ತುಂಬಿದ ದಿನ ಮಮುಕಾ ಕಾರ್ಖಾನೆಯಲ್ಲೇ ಊಟ ಹಾಕಿಸಿದ. ಕೋಳಿಯ ಮೇಲೆ ಅಕ್ರೋಟದ ಗೊಜ್ಜು. ಬೆಳ್ಳುಳ್ಳಿ ಎರಡರಷ್ಟು ಹಾಕಲು ಅಡುಗೆಯವಳಿಗೆ ಅವನೇ ಹೇಳಿದ್ದ. ಲೋಟವೆತ್ತಿ ಸತ್ತವನ ಹೆಸರು ಹೇಳಿದ ಮೇಲೆ ತಟ್ಟೆ ಸರಿಸಲಾದೀತೆ? ಎತೇರಿ ಉಂಡರು. ಎರಡು ಗಂಟೆಗೆ ಬಾಟಲಿ, ಪುಸ್ತಕ ಬಂದವು. ಬೆಳ್ಳುಳ್ಳಿ ತಿಂದ ನಾಲಿಗೆಗೆ ನೀರಿನ ರುಚಿ ಹತ್ತಲಿಲ್ಲ. ನಾಳೆ ನೋಡುತ್ತೇನೆ ಎನ್ನಬಹುದಿತ್ತು. ಗಂಡನ ಹೆಸರಿನಲ್ಲಿ ಅನ್ನವಿಟ್ಟವನನ್ನು ಅನುಮಾನಿಸಲು ಮನಸ್ಸು ಬರಲಿಲ್ಲ. ರುಜು ಹಾಕಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬರಿಹೊಟ್ಟೆಯಲ್ಲಿ ಅದೇ ನೀರಿನ ಬಾಟಲಿ ತೆರೆದರು. ತುದಿಗೆ ಉಪ್ಪಿತ್ತು, ಸಪ್ಪೆ ನೀರಿಗೆ ಸುರಿದ ಅಡುಗೆಮನೆಯ ಉಪ್ಪು. ಗಂಟಲಿನಲ್ಲಿ ತುಕ್ಕಿನ ರುಚಿಯೇ ಇರಲಿಲ್ಲ. ಅಡುಗೆಯವಳನ್ನು ಗದರಿಸಿ ಕೇಳಿದಾಗ ಬೆಳ್ಳುಳ್ಳಿಯ ಸಂಚೂ ಹೊರಬಿತ್ತು. ನೆಟ್ಟಗೆ ಮಮುಕಾನ ಕೋಣೆಗೆ ನುಗ್ಗಿದರು.

"ಪುಸ್ತಕ ಕೊಡು. ನನ್ನ ರುಜು ಹೊಡೆದು ಹಾಕ್ಬೇಕು."

"ಲಾರಿ ಹೋಗಾಯ್ತಲ್ಲ ಎತೇರಕ್ಕ. ಜನಕ್ಕೆ ಬೇಕಾಗಿರೋದು ಗುಳ್ಳೆ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲೋ! ಸತ್ತೋನ ಹೆಸರು ಹೇಳಿ ನನ್ನ ನಾಲಿಗೆ ಕೊಂದ್ಯಲ್ಲ, ನಿನ್ನ ಬಾಯಿಗೆ ಮಣ್ಣು ಬೀಳ!"

"ನೀವೇ ಎರಡು ಸಲ ಬಡಿಸ್ಕೊಂಡ್ರಿ, ಅಕ್ಕ," ಎಂದು ಅವನು ನಕ್ಕ.

ಎತೇರಿ ಬಾಟಲಿಯನ್ನು ಅವನ ಕಾಗದಪತ್ರಗಳ ಮೇಲೆ ಬೋರಲು ಹಾಕಿ ಹೊರಬಂದರು. ಕೆಲಸವೂ ಅಲ್ಲಿಗೆ ಮುಗಿಯಿತು. ಪುಸ್ತಕ ಇಂದಿಗೂ ಅವರ ಕೈಗೆ ಸಿಕ್ಕಿಲ್ಲ.

ಈಗ ಅವರಿಗೆ ಅರವತ್ತೆಂಟು. ದಿನವೂ ಬೆಳಿಗ್ಗೆ ಪೇಟೆಯ ಅಂಗಡಿಗಳಿಗೆ ಹೋಗಿ, ಬಾಟಲಿಯ ಚೀಟಿಯಲ್ಲಿ ‘ಏಳನೇ ಬುಗ್ಗೆ’ ಎಂದಿರುವ ಕಡೆಯಲ್ಲೆಲ್ಲ ಕರಿಮಸಿಯಲ್ಲಿ ಗೀಟೆಳೆಯುತ್ತಾರೆ. ಅಂಗಡಿಯ ಗೀವಿ ತಲೆ ಚಚ್ಚಿಕೊಳ್ಳುತ್ತಾನೆ.

"ನನ್ನ ವ್ಯಾಪಾರ ಹಾಳು ಮಾಡ್ತಿದೀರಲ್ಲ, ಅಮ್ಮಾ!"

"ಸುಮ್ನಿರೋ. ಆ ಮೇಲಿನ ಸಾಲು ಇಳಿಸ್ಕೊಡು, ನಂಗೆ ಎಟುಕಲ್ಲ."

ಗೊಣಗುತ್ತಲೇ ಅವನು ಸ್ಟೂಲು ಹತ್ತುತ್ತಾನೆ.