ಒಡ್ಡಿನೊಳಗೆ ಮುಚ್ಚಿಟ್ಟ ಬೆಂಕಿ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವನಲ್ಲ. ಕುಳಿತು ಪೂರ್ತಿ ಕೇಳಿ, ಎಲೆ ಅಡಿಕೆ ಹಾಕಿಕೊಂಡು, ನಕ್ಕು ಮನೆಗೆ ಬರುವವನು. ಕಥೆ ಎಂದರೆ ನನಗೆ ಪ್ರೀತಿ, ನಂಬುವುದು ಬೇರೆ ಮಾತು. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಏಳೆಂಟು ವರ್ಷದ ಹಿಂದೆ, ಹಾಡಹಗಲೇ, ನಾಲ್ಕು ಜನರೆದುರು ನಡೆದದ್ದು ಇದು.

ನನಗೊಂದು ಚಟವಿದೆ. ಹಳೆಯ ಮಣ್ಣಿನ ಕೋಟೆಗಳ ಮೇಲೆ ನಡೆದಾಡುವುದು. ಬಂಕಾಪುರದ ಕಲ್ಲಿನ ಬಾಗಿಲುಗಳನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಹಾನಗಲ್ ಕಡೆಯ ಮಣ್ಣಿನ ಕೋಟೆಗಳನ್ನು ಕೇಳುವವರಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಯಾವುದೋ ಕೆರೆಯ ಏರಿ ಅಂದುಕೊಳ್ಳುತ್ತೀರಿ. ಕೆಳಗಿನ ಕಂದಕದಲ್ಲಿ ಈಗ ಭತ್ತ ಬೆಳೆಯುತ್ತಾರೆ, ಮೇಲೆ ಬೇವು, ಜಾಲಿ. ಯಾವುದೋ ಕಾಲದಲ್ಲಿ ಸಾವಿರಾರು ಜನ ತಲೆಯ ಮೇಲೆ ಮಣ್ಣು ಹೊತ್ತು, ತುಳಿದು ತುಳಿದು ಗಟ್ಟಿ ಮಾಡಿದ ಗೋಡೆ ಅದು.

ನನ್ನ ಅಕ್ಕ ಗಂಗವ್ವನನ್ನು ಕೊಟ್ಟ ಊರಿನಲ್ಲೂ ಅಂಥದೊಂದಿದೆ. ಊರಿನ ಹೆಸರು ಬೇಡ. ಅಲ್ಲಿಯವರು ಅದಕ್ಕೆ ಕ್ವಾಟಿ ಒಡ್ಡು ಅನ್ನುತ್ತಾರೆ. ದೀಪಾವಳಿ ಮುಗಿದ ವಾರ ಅಕ್ಕ ಫೋನ್ ಮಾಡಿದಳು.

“ಒಡ್ಡು ನೋಡೂದಿದ್ರ ನಾಳೆ ಮುಂಜಾನೆ ಬಾ ತಮ್ಮಾ. ನಾಡಿದ್ದು ಬಂದ್ರ ಬರೇ ಮಣ್ಣು ನೋಡ್ತಿ.”

ವಿಷಯ ಇಷ್ಟು. ಅಕ್ಕನ ಹೊಲ ಒಡ್ಡಿನ ಆಚೆ ಇದೆ. ಅಲ್ಲಿಗೆ ಟ್ರ್ಯಾಕ್ಟರ್ ಹೋಗಬೇಕಾದರೆ ಅವಳ ಮೈದುನ ಫಕ್ಕೀರಪ್ಪನ ಹೊಲ ದಾಟಬೇಕು. ಪಾಲಿನ ಜಗಳದಲ್ಲಿ ಎರಡು ಮನೆಗಳ ನಡುವೆ ಹನ್ನೊಂದು ವರ್ಷದಿಂದ ನೀರು ಬೆಂಕಿಯ ಕೊಡುಕೊಳ್ಳುವಿಕೆಯೂ ಬಂದ್ ಆಗಿತ್ತು. ಮದುವೆಗೆ ಕರೆಯುತ್ತಿರಲಿಲ್ಲ, ಸಾವಿಗೆ ದೂರ ನಿಂತು ಹೋಗುತ್ತಿದ್ದರು. ಹಾಗಿದ್ದರೂ ಫಕ್ಕೀರಪ್ಪ ದಾರಿ ಮಾತ್ರ ಬಿಟ್ಟಿದ್ದ. ಆ ವರ್ಷ ಅದಕ್ಕೂ ಮುಳ್ಳು ಬಡಿದ. ಗೋವಿನಜೋಳದ ತೆನೆಯೆಲ್ಲ ಮುರಿದು ಹೊಲದಲ್ಲಿ ರಾಶಿ ಹಾಕಿ ಆಗಿತ್ತು. ಎರಡು ದಿನದಲ್ಲಿ ಮಳೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನೆನೆದರೆ ಕಾಳು ಮೊಳಕೆ ಬಂದು ಇಡೀ ವರ್ಷದ ದುಡಿತ ಹೋದಂತೆಯೇ. ಅಕ್ಕನ ಮಗ ಬಸವರಾಜ ಚಿಕ್ಕಪ್ಪನ ಮುಂದೆ ಕೈ ಚಾಚುವುದಕ್ಕಿಂತ ಒಡ್ಡನ್ನೇ ಕಡಿದು ದಾರಿ ಮಾಡುತ್ತೇನೆಂದು ಸವಣೂರಿನಿಂದ ಜೆಸಿಬಿ ತರಿಸಿದ್ದ.

ನಾನು ಹೋಗುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಹತ್ತು ಗಂಟೆಯ ಬಿಸಿಲು. ಜೆಸಿಬಿ ಡ್ರೈವರ್ ಖಾದರಸಾಬ ಒಡ್ಡಿನ ಮೈಯನ್ನು ನೆಟ್ಟಗೆ ಸೀಳುತ್ತಿದ್ದ. ಸೀಳಿದಲ್ಲೆಲ್ಲ ಪದರ ಪದರವಾಗಿ ಮಣ್ಣು ಕಾಣುತ್ತಿತ್ತು. ಒಂದು ಕೆಂಪು, ಒಂದು ಕಪ್ಪು, ಮತ್ತೆ ಕೆಂಪು. ನಿಲ್ಲಿಸು ಎನ್ನಬೇಕೆನಿಸಿತು. ಆದರೆ ಆಚೆ ಬಿದ್ದ ರಾಶಿ ನೋಡಿದ ಮೇಲೆ ಏನು ಹೇಳುವುದು? ಅಕ್ಕನ ಪಕ್ಕ ಹೋಗಿ ನಿಂತೆ.

ಒಮ್ಮೆಲೆ ಖಾದರಸಾಬ ಮಷೀನು ಬಂದ್ ಮಾಡಿ ಇಳಿದ. “ಬಸಣ್ಣಾರ, ಒಳಗಿಂದ ಹೊಗಿ ಬರಾಕತ್ತೈತ್ರಿ.”

“ನಿನ್ನ ಮಷೀನಿಂದು ಇರಬೇಕು ತಗೊ.”

“ಮಷೀನ್ ಬಂದ್ ಮಾಡೇನಲ್ರಿ.”

ಹತ್ತಿರ ಹೋಗಿ ನೋಡಿದೆವು. ಕಡಿದ ಗೋಡೆಯಲ್ಲಿ ನನ್ನ ಎದೆಯ ಮಟ್ಟಕ್ಕೆ ಮೂರು ಕಲ್ಲು, ನಡುವೆ ಬೂದಿ, ಬೂದಿಯ ಮೇಲೆ ಬೋರಲಾಗಿ ಒಂದು ಬೋಕಿ. ಅಂದರೆ ಒಡೆದ ಗಡಿಗೆಯ ಚೂರು. ಅದರ ಮೇಲೆ ಎರಡಾಳು ಎತ್ತರದ ಗಟ್ಟಿ ಮಣ್ಣು. ಬೂದಿಯಿಂದ ಎಳೆಯಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ಇವರಿಗೆಲ್ಲ ತಿಳಿಸಿ ಹೇಳಬೇಕೆಂದು ನಾನು ಬುದ್ಧಿವಂತನಂತೆ ಬೂದಿಯೊಳಗೆ ಬೆರಳು ಹಾಕಿದೆ. ಚುರ್ ಅಂತ ಸುಟ್ಟಿತು. ಬೋಕಿ ಸರಿಸಿದರೆ ಒಳಗೆ ಸಗಣಿ ಕುಳ್ಳಿನ ಕೆಂಡ. ಗಾಳಿ ತಾಗಿದ್ದೇ ತಡ, ಕೆಂಪಾಯಿತು.

ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು.

“ಇದು ಆರಿಸಿದ ಒಲಿ ಅಲ್ಲೋ. ಮುಚ್ಚಿಟ್ಟ ಒಲಿ.”

ನಮ್ಮ ಅವ್ವ ದಿನಾ ರಾತ್ರಿ ಹಾಗೆಯೇ ಮಾಡುತ್ತಿದ್ದಳು. ಅಡುಗೆ ಮುಗಿದ ಮೇಲೆ ಕೆಂಡದ ಮೇಲೆ ಬೂದಿ ಎಳೆದು, ಅಂಗೈಯಿಂದ ಒತ್ತಿ, ಮೇಲೊಂದು ಬೋಕಿ ಬೋರಲಿಡುವುದು. ಮುಂಜಾನೆ ಅದೇ ಕೆಂಡ ಊದಿ ಒಲೆ ಹಚ್ಚುವುದು. ಕಡ್ಡಿಪೆಟ್ಟಿಗೆ ಉಳಿಸುವ ಕಾಲ ಅದು.

ಬಸವರಾಜ ತಡಮಾಡಬೇಡ, ಮುಂದೆ ಕಡಿ ಎಂದ. ಖಾದರಸಾಬ ಮೇಲೆ ಹತ್ತಲಿಲ್ಲ. “ಉರಿಯೋ ಒಲಿ ಮ್ಯಾಲ ಬಕೆಟ್ ಹಾಕೂದು ನಮ್ಮ ಮನ್ಯಾಗೂ ಇಲ್ರಿ. ಬೇರೆಯವ್ರನ್ನ ಕರಸ್ರಿ.”

ಅಷ್ಟರಲ್ಲಿ ಅಕ್ಕ ಆ ಬೋಕಿಯಲ್ಲೇ ಒಂದಿಷ್ಟು ಬೂದಿ ಹಾಕಿ, ಕೆಂಡ ಎತ್ತಿ ಇಟ್ಟುಕೊಂಡು ಒಡ್ಡಿನಿಂದ ಇಳಿದು ಹೊರಟಿದ್ದಳು. ಫಕ್ಕೀರಪ್ಪನ ಹೊಲದ ಮನೆಯ ಕಡೆಗೆ.

“ಯವ್ವಾ, ಆ ಮನಿಗ್ಯಾಕ ಹೊಂಟಿ?” ಬಸವರಾಜ ಹಿಂದೆ ಓಡಿದ.

“ಊರು ಮುಟ್ಟೂತನಕ ಆರತೈತಿ. ಸಿಕ್ಕ ಬೆಂಕಿ ಆರಾಕ ಬಿಡಬಾರದು. ಇಲ್ಲಿ ಮತ್ತ್ಯಾರ ಮನಿ ಐತಿ, ನೀನ ಹೇಳು.”

ಅವಳು ನಿಜಕ್ಕೂ ಅಷ್ಟಕ್ಕೇ ಹೋದಳೋ, ಮನಸ್ಸಿನಲ್ಲಿ ಬೇರೆ ಏನಾದರೂ ಇತ್ತೋ, ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಮುಳ್ಳು ಬೇಲಿಯನ್ನು ಸೀರೆ ಎತ್ತಿ ದಾಟಿದಳು. ಹಿಂದೆ ನಾನು, ಬಸವರಾಜ.

ಫಕ್ಕೀರಪ್ಪ ಕಟ್ಟೆಯ ಮೇಲೆ ಕುಳಿತು ನೋಡುತ್ತಲೇ ಇದ್ದ. ಅವನ ಹೆಂಡತಿ ನೀಲವ್ವ ಬಾಗಿಲಿಗೆ ಬಂದಳು.

“ನೀಲವ್ವಾ, ಬೆಂಕಿ ತಂದೇನಿ. ಎಲ್ಲಿ ಇಡ್ಲಿ?”

ಬಾಗಿಲಿಗೆ ಬಂದ ಬೆಂಕಿಯನ್ನು ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನೀಲವ್ವ ಗಂಡನ ಮುಖ ನೋಡಿದಳು.

“ಏನ್ ವೈನಿ, ಹನ್ನೊಂದು ವರ್ಷದ ಮ್ಯಾಲ ಬೆಂಕಿ ಹಿಡಕೊಂಡು ಬಂದಿ,” ಅಂದ ಫಕ್ಕೀರಪ್ಪ. “ಮನಿ ಸುಡಾಕೋ, ಒಲಿ ಹಚ್ಚಾಕೋ?”

“ಮನಿ ಸುಡೂದಿದ್ರ ಕಡ್ಡಿಪೆಟ್ಟಿಗಿ ತರತಿದ್ನೆಪ್ಪಾ. ಲಗೂನ ಹೇಳ್ರಿ, ಕೈ ಸುಡಾಕತ್ತೈತಿ.”

ನೀಲವ್ವ ನಕ್ಕುಬಿಟ್ಟಳು. ಒಳಗೆ ಗ್ಯಾಸ್ ಇತ್ತು. ಆದರೂ ಬಚ್ಚಲ ಒಲೆಗೆ ಆ ಕೆಂಡ ಹಾಕಿ, ಊದಿ, ಅದರ ಮೇಲೆಯೇ ಚಹಾ ಇಟ್ಟಳು. ಐದೂ ಜನ ಕುಡಿದೆವು. ಚಹಾ ಮುಗಿಯುವವರೆಗೆ ಯಾರೂ ದಾರಿಯ ಮಾತು ತೆಗೆಯಲಿಲ್ಲ. ಬಸವರಾಜ ಲೋಟ ಕೆಳಗಿಟ್ಟು ತಲೆ ಬಗ್ಗಿಸಿ ನಿಂತಿದ್ದ. ಫಕ್ಕೀರಪ್ಪ ಅವನ ಕಾಲು ನೋಡಿದ.

“ದಾರ್ಯಾಗಿನ ಮುಳ್ಳು ಬರಿಗಾಲಾಗ ತಗೀಬ್ಯಾಡ. ಅಲ್ಲಿ ನನ್ನ ಚಪ್ಪಲಿ ಅದಾವು, ಹಾಕ್ಕೊ.”

ಸಂಜೆಯೊಳಗೆ ಮೂರು ಟ್ರ್ಯಾಕ್ಟರ್ ಗೋವಿನಜೋಳ ಆ ದಾರಿಯಲ್ಲೇ ಊರು ಸೇರಿತು.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಕುರಿ ಕಾಯುವವರು ಯಾವುದೋ ಬಿಲದಲ್ಲಿ ಬೆಂಕಿ ಮಾಡಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಾರನೆಯ ಮುಂಜಾನೆ ಅಕ್ಕನ ಮನೆಗೆ ಫಕ್ಕೀರಪ್ಪನೇ ನನ್ನನ್ನು ಎಬ್ಬಿಸಲು ಬಂದ. ಅವನೂ ನನ್ನ ಹಾಗೆ ಏನನ್ನೂ ನಂಬದವನು. ಮಳೆ ಇನ್ನೂ ಬಿದ್ದಿರಲಿಲ್ಲ. ಇಬ್ಬರೂ ಒಡ್ಡಿಗೆ ಹೋಗಿ ಬಿಲ ಹುಡುಕಿದೆವು. ಮೇಲೆ, ಪಕ್ಕದಲ್ಲಿ, ಆಚೆ ಕಂದಕದ ಕಡೆ, ಎಲ್ಲಿಯೂ ಒಂದು ಇಲಿಯ ಬಿಲವೂ ಇರಲಿಲ್ಲ. ಆಮೇಲೆ ಒಲೆಯನ್ನು ಕೆದಕಿದೆವು. ಬೂದಿ ತಣ್ಣಗೆ, ಕೆಸರಿನ ಹಾಗೆ ಹಸಿಯಾಗಿತ್ತು. ಆ ಬೂದಿಯ ನಡುವೆ, ಮೂರು ಕಲ್ಲುಗಳನ್ನು ಸುತ್ತಿಕೊಂಡು, ಮೇಲಿನ ಬೇವಿನ ಮರದ ಬೇರೊಂದು ಕೆಳಗಿಳಿದಿತ್ತು. ಹೆಬ್ಬೆರಳಿನಷ್ಟು ದಪ್ಪ, ಎಷ್ಟೋ ವರ್ಷದ್ದು. ಸುಟ್ಟ ಗುರುತಿಲ್ಲ. ಫಕ್ಕೀರಪ್ಪ ಕುಡುಗೋಲಿನ ತುದಿಯಿಂದ ಅದರ ಸಿಪ್ಪೆ ಕೆರೆದ. ಒಳಗೆ ಹಸಿ ಬೇರು, ಬೆರಳಿಗೆ ನೀರು ಹತ್ತಿತು.

“ನೀವು ಓದಿದವ್ರು. ಹೇಳ್ರಿ,” ಅಂದ.

ನಾನು ಬೇರನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ. ಅವನು ಮನೆಗೆ ಹೋಗಿ ಎರಡು ಸಲಿಕೆ ತಂದು ಒಂದನ್ನು ನನ್ನ ಕೈಗೆ ಕೊಟ್ಟ. ಮಧ್ಯಾಹ್ನ ಮಳೆ ಶುರುವಾಗುವವರೆಗೆ ಇಬ್ಬರೂ ಮಣ್ಣು ಎಳೆದು ಆ ಸೀಳನ್ನು ಮುಚ್ಚಿದೆವು.