ಜೀಪಿನೊಳಗಿನ ಜಾಗ

ಪ್ರೊಟೀನಿನೊಳಗೆ ಪರಮಾಣುಗಳು ಎಷ್ಟು ಒತ್ತಾಗಿ ಕೂತಿವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಆಗ ನನ್ನ ಸಂಶೋಧನೆ. ಕಾಫಿ ಕುಯ್ಲಿನ ಸಮಯದಲ್ಲಿ ಹೆತ್ತೂರಿನ ಅಕ್ಕನ ಮನೆಗೆ ಹೋದಾಗ ಊಟಕ್ಕೆ ಕೂತು ಅದನ್ನು ಭಾವನಿಗೆ ವಿವರಿಸಿದ್ದೆ. ಒಳಗೆ ಖಾಲಿ ಜಾಗ ತೀರ ಕಡಿಮೆ ಎಂಬಷ್ಟನ್ನೇ ಅವರು ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಹತ್ತಿರದ ಊರು ಹೊಂಗಡಹಳ್ಳದಲ್ಲಿ ಅವರು ತಮ್ಮ ತೋಟಕ್ಕೆ ಕರೆದೊಯ್ಯಲು ಕುಯ್ಲಿನ ಹೆಂಗಸರನ್ನು ಜೀಪಿಗೆ ತುಂಬುತ್ತಿದ್ದರು. ನಾನೂ ಜೊತೆಗಿದ್ದೆ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು, ಅವರ ಮೇಲೆ ಬುತ್ತಿಯ ಚೀಲಗಳು. ಉಸಿರು ಕಟ್ಟುತ್ತದೆ ಎಂದ ಒಬ್ಬಾಕೆಯನ್ನು ಭಾವ ಗದರಿದರು: “ಇನ್ನೂ ಜಾಗ ಐತೆ, ಸರ್ಕೊಳ್ರೇ.” ಆಮೇಲೆ ನನ್ನತ್ತ ತಿರುಗಿ, “ಇದೇ ಅಲ್ವಾ ನಿನ್ನ ಪ್ರೊಟೀನು?” ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ನಾನು ವರ್ಷಗಟ್ಟಲೆ ಮಾಡಿದ ಕೆಲಸ ಈ ಮನುಷ್ಯನಿಗೆ ಹೆಂಗಸರನ್ನು ಮೂಟೆಗಳಂತೆ ಒಟ್ಟಲು ನೆಪವಾಗಿತ್ತು.

“ಅಲ್ಲ ಭಾವ,” ಎಂದೆ. “ಎಷ್ಟೇ ಒತ್ತಾಗಿದ್ರೂ ಒಂದೊಂದಕ್ಕೂ ಅದರದೇ ಜಾಗ ಐತೆ. ಕಂಪ್ಯೂಟರಿನಲ್ಲಿ ಮಾಡಿದ ಮಾದರೀಲಿ ಒಂದರ ಮೇಲೊಂದು ಹತ್ತಿ ಕೂತಿದ್ರೆ ನಾವು ಪರಮಾಣುಗಳಿಗೆ ಬಯ್ಯಲ್ಲ. ಹಂಗೆ ಕೂರ್ಸಿದೋನೇ ತಪ್ಪು ಮಾಡವ್ನೆ ಅಂತೀವಿ.”

ಜೀಪಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ಭಾವ ನಗಲಿಲ್ಲ. ಹಿಂದಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಚಿಲಕ ಹಾಕಿದರು.